ಅಪ್ಪನ ಕಾರು, ಶಾಂತಕ್ಕನ ಗಣಿತ

ಆಗ ತಾವರಗೇರಾದಲ್ಲಿ ಎತ್ತಿನ ಬಂಡಿಗಳನ್ನು ಎಣಿಸಲು ಆಗುತ್ತಿರಲಿಲ್ಲ, ಕಾರುಗಳನ್ನು ಎಣಿಸುವ ಅಗತ್ಯವೇ ಇರಲಿಲ್ಲ. ಇದ್ದದ್ದು ನಮ್ಮದೊಂದೇ. ಬಜಾರಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಅಪ್ಪ ಅದನ್ನು ಗಂಗಾವತಿ ಕಡೆ ಕಾಲುವೆ ಕೆಲಸ ಮುಗಿಸಿ ಹೊರಟಿದ್ದ ಗುತ್ತಿಗೆದಾರನೊಬ್ಬನಿಂದ ಕೊಂಡು ತಂದಿದ್ದ. ಒಳಗೆ ಕುಳಿತರೆ ಪೆಟ್ರೋಲು, ಬೀಡಿ, ಬಿಸಿಲಿಗೆ ಕಾದ ರೆಕ್ಸಿನ್ ಎಲ್ಲ ಕಲೆತ ವಾಸನೆ. ನಮಗೆ ಅದೇ ಶ್ರೀಮಂತಿಕೆಯ ವಾಸನೆ.

ಕಾರು ಕೆಟ್ಟರೆ ಅಪ್ಪ ಗ್ಯಾರೇಜಿಗೆ ಒಯ್ಯುತ್ತಿರಲಿಲ್ಲ. “ನಮ್ಮ ಎತ್ತಿಗೆ ನಾವ ಮೂಗುದಾರ ಹಾಕ್ತೀವಿಲ್ಲ? ಇದಕ್ಯಾಕ ಮಂದಿ ಬೇಕು?” ಎನ್ನುತ್ತಿದ್ದ. ಪೆಟ್ರೋಲು ಟಾಕಿ ಜಿನುಗಿದರೆ ಅರಿವೆ ಒಗೆಯುವ ಸಬಕಾರವನ್ನು ನಾದಿ ಮೆತ್ತುತ್ತಿದ್ದ. ಮಳೆಗಾಲದಲ್ಲಿ ವೈಪರ್ ನಿಂತರೆ ಮುಂದಿನ ಗಾಜಿಗೆ ಉಳ್ಳಾಗಡ್ಡಿಯ ಹೋಳು ತಿಕ್ಕುತ್ತಿದ್ದ. ಹ್ಯಾಂಡ್ ಬ್ರೇಕ್ ಹಿಡಿಯುತ್ತಿರಲಿಲ್ಲ, ಅದಕ್ಕೊಂದು ಕಲ್ಲು ಇತ್ತು. ರೇಡಿಯೇಟರ್ ಸೋರಿದಾಗ ಅವ್ವನ ಡಬ್ಬಿಯಿಂದ ಎರಡು ಹಿಡಿ ಅರಿಶಿನ ಪುಡಿ ಒಳಗೆ ಬೀಳುತ್ತಿತ್ತು. ಅದು ತೂತಿಗೆ ಹೋಗಿ ಕಟ್ಟಿಕೊಳ್ಳುತ್ತಿತ್ತು, ನಾಲ್ಕು ದಿನದ ಮಟ್ಟಿಗೆ. ಕಾರು ಕಾದಾಗಲೆಲ್ಲ ಸಾರು ಕುದಿವ ವಾಸನೆ.

“ಒಂದೀಟು ಉಪ್ಪು, ಹುಳಿ ಹಾಕಿಬಿಡ್ರಿ. ಊಟಕ್ಕ ಕುಂದ್ರತೀವಿ,” ಎಂದು ಅವ್ವ ಚೇಷ್ಟೆ ಮಾಡುತ್ತಿದ್ದಳು.

ಇವೆಲ್ಲ ಸಣ್ಣ ಬೇನೆಗಳು. ದೊಡ್ಡ ಬೇನೆ ಬೇಸಿಗೆಯದು. ಇಂಜಿನ್ನಿನ ಬದಿಗೆ ಪೆಟ್ರೋಲು ಎಳೆಯುವ ಸಣ್ಣದೊಂದು ಪಂಪು ಇತ್ತು. ಬಿಸಿಲೇರಿದರೆ ಅದರೊಳಗಿನ ಪೆಟ್ರೋಲು ಹಬೆಯಾಗಿ ಕಾರು ನಡುದಾರಿಯಲ್ಲಿ ನಿಲ್ಲುತ್ತಿತ್ತು. ಆಗ ಅದಕ್ಕೆ ಹಸಿ ಅರಿವೆ ಸುತ್ತಬೇಕು, ಮೇಲೆ ನೀರು ಹನಿಸುತ್ತ ಕಾಯಬೇಕು. ಜ್ವರ ಬಂದ ಕೂಸಿನ ಹಣೆಗೆ ಪಟ್ಟಿ ಹಾಕಿದಂತೆ. ಅದಕ್ಕೆಂದು ಹಿಂದಿನ ಸೀಟಿನ ಕೆಳಗೆ ಸದಾ ಒಂದು ಕೊಡ ನೀರು.

ಹೀಗೆ ನಿಂತಾಗಲೆಲ್ಲ ಕುಷ್ಟಗಿಯ ಕೆಂಪು ಬಸ್ಸು ನಮ್ಮನ್ನು ದಾಟಿ ಹೋಗುತ್ತಿತ್ತು. ಅದರ ಕಂಡಕ್ಟರ್ ಹುಸೇನಪ್ಪ ಬಾಗಿಲಲ್ಲಿ ಜೋತು ಬಿದ್ದು, “ಸಾವುಕಾರ್ರ, ಕಾರಿಗೆ ಎರಿಯಾಕತ್ತೀರೇನು? ಬೆನ್ನು ತಿಕ್ಕ್ರಿ!” ಎಂದು ಕೂಗುತ್ತಿದ್ದ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಅಪ್ಪ ಕೆಮ್ಮುತ್ತ ಬಾನೆಟ್ಟಿನೊಳಗೆ ಇನ್ನಷ್ಟು ಬಗ್ಗುತ್ತಿದ್ದ.

ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ನಮ್ಮಕ್ಕ ಶಾಂತಾ ಹತ್ತನೆಯ ಪರೀಕ್ಷೆಗೆ ಕುಳಿತಳು. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಓದಿದ ಹೆಣ್ಣು ಅವಳೊಬ್ಬಳೇ. ಗಣಿತವೆಂದರೆ ಅವಳಿಗೆ ಆಟ. ರೊಟ್ಟಿ ಬಡಿಯುತ್ತಲೇ ಪ್ರಮೇಯ ಒಪ್ಪಿಸುತ್ತಿದ್ದಳು, ಹಿಟ್ಟು ಹರಡಿದ ಮರದ ಕೊಣಮಿಗೆಯಲ್ಲಿ ಬೆರಳಿನಿಂದ ತ್ರಿಕೋನ ಬರೆಯುತ್ತಿದ್ದಳು. ಟೀಚರ್ ಆಗುವುದು ಅವಳ ಆಸೆ. “ಪಾಸಾದ್ರ ಮುಂದ ಓದಸ್ತೀನಿ,” ಎಂದು ಅಪ್ಪನೂ ಹೇಳಿದ್ದ.

ಪರೀಕ್ಷೆ ಕುಷ್ಟಗಿಯಲ್ಲಿ. ಮೊದಲ ಎರಡು ದಿನ ಗೆಳತಿಯರ ಜೊತೆ ಬಸ್ಸಿನಲ್ಲೇ ಹೋಗಿ ಬಂದಳು. ಎರಡನೆಯ ದಿನ ಸಂಜೆ ಚಹಾದಂಗಡಿಯ ಮುಂದೆ ಹುಸೇನಪ್ಪ ಅಪ್ಪನಿಗೆ ಅಂದ, “ಮಗಳು ನನ್ನ ಬಸ್ಸಿನ್ಯಾಗ ಬರಾಕತ್ತಾಳಲ್ರಿ ಸಾವುಕಾರ್ರ. ಕಾರು ಮೇಯಾಕ ಹೋಗೈತೇನು?” ಅಲ್ಲಿದ್ದವರೆಲ್ಲ ನಕ್ಕರು.

ಮರುದಿನ ಗಣಿತ. ಅಪ್ಪ ಬೆಳಿಗ್ಗೆಯೇ ಕಾರು ತೊಳೆದು ನಿಲ್ಲಿಸಿದ್ದ. ನನಗೂ ಸವಾರಿ ಸಿಕ್ಕಿತು. ಅವ್ವ ರೊಟ್ಟಿ, ಪುಂಡಿಪಲ್ಲೆ, ಒಂದು ಡಬ್ಬಿ ಮಜ್ಜಿಗೆ ಕಟ್ಟಿಕೊಟ್ಟಳು.

ಅರ್ಧ ದಾರಿಗೆ ಮೊದಲು ರೇಡಿಯೇಟರ್ ಕುದಿಯಿತು. ಕೊಡದ ನೀರನ್ನೆಲ್ಲ ಅದೇ ಕುಡಿಯಿತು. ಇನ್ನೆರಡು ಮೈಲು ಹೋಗುವಷ್ಟರಲ್ಲಿ ಪಂಪು ಕಾದು ಕಾರು ನಿಂತಿತು. ಅಪ್ಪ ಅರಿವೆ ಸುತ್ತಿದ. ಒಣ ಅರಿವೆ. ಹನಿಸಲು ಹನಿ ನೀರಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಈ ಸಲ ಹುಸೇನಪ್ಪ ಕೂಗಲಿಲ್ಲ. ಸೀಟಿ ಊದಿ ಬಸ್ಸು ನಿಲ್ಲಿಸಿ ಕೆಳಗಿಳಿದ.

“ಸಾವುಕಾರ್ರ, ಹುಡುಗೀನ ಹತ್ತಸ್ರಿ. ಟೈಮ್ ಭಾಳ ಇಲ್ಲ.”

“ಐದು ಮಿನಿಟಿನ ಕೆಲಸ ಐತಿ. ನೀ ನಡಿ.”

“ಇವತ್ತ ಚಾಷ್ಟಿ ಅಲ್ರಿ, ಪರೀಕ್ಷಾ ಐತಿ. ನಿಮ್ಮ ಕಾಲಿಗೆ ಬೀಳ್ತೀನಿ, ಕಳಸ್ರಿ.”

ಶಾಂತಕ್ಕ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟಿದ್ದಳು. “ಅಪ್ಪಾ, ನಾ ಹೋಗ್ಲಿ?”

ಬಸ್ಸಿನ ಕಿಟಕಿಗಳ ತುಂಬ ಮುಖಗಳು. ಅಪ್ಪ ಅವಳ ಕಡೆ ನೋಡಲಿಲ್ಲ, ಆ ಮುಖಗಳನ್ನೇ ನೋಡುತ್ತ ಹೇಳಿದ: “ಮನ್ಯಾಗ ಕಾರ್ ಇಟಗೊಂಡು ನನ್ನ ಮಗಳು ಬಸ್ಸಿನ್ಯಾಗ ನಿಂತಗೊಂಡು ಹೋಗಬೇಕಾ? ನಡಿಯೋ, ಕುಷ್ಟಗಿ ಮುಟ್ಟೂದ್ರಾಗ ನಿನ್ನ ಬಸ್ಸ ಹಿಂದ ಹಾಕ್ತೀನಿ.”

ಶಾಂತಕ್ಕ ಕಾಲನ್ನು ಒಳಗೆ ತೆಗೆದುಕೊಂಡಳು. ಹುಸೇನಪ್ಪ ತಲೆ ಕೊಡವಿ ಬಸ್ಸು ಹತ್ತಿದ. ಹೊರಟ ಬಸ್ಸಿಗೆ ನಾನು ನಾಲಿಗೆ ಚಾಚಿ ಅಣಕಿಸಿದೆ. ಅಪ್ಪ ಗೆದ್ದನೆಂದೇ ತಿಳಿದಿದ್ದೆ.

ಅಪ್ಪ ಕೊಡ ಹಿಡಿದು ದೂರದ ಹೊಲದ ಬಾವಿಗೆ ಹೋದ. ಎಷ್ಟೋ ಹೊತ್ತು ಬರಲಿಲ್ಲ. ಶಾಂತಕ್ಕ ಮೊದಮೊದಲು ಪ್ರಮೇಯ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಬಾವಿಯ ದಾರಿಯನ್ನೇ ನೋಡತೊಡಗಿದಳು. ಒಮ್ಮೆಲೆ ಇಳಿದು ಮಜ್ಜಿಗೆಯ ಡಬ್ಬಿ ತೆರೆದು ಆ ಒಣ ಅರಿವೆಯ ಮೇಲೆ ಸುರುವತೊಡಗಿದಳು. ಚುರ್ರ್ ಎಂದು ಹುಳಿ ಹೊಗೆ ಎದ್ದು ಮುಖಕ್ಕೆ ಹೊಡೆಯಿತು. ಅಪ್ಪ ಅರ್ಧ ಕೊಡ ರಾಡಿ ನೀರಿನೊಂದಿಗೆ ಓಡಿ ಬಂದಾಗ ಡಬ್ಬಿ ಬರಿದಾಗಿತ್ತು, ಪಂಪು ತಣ್ಣಗಾಗಿತ್ತು. ಹ್ಯಾಂಡಲ್ ತಿರುವಿದ ಕೂಡಲೇ ಕಾರು ಎದ್ದಿತು. ಅಪ್ಪ ಬಿರುಸಾಗಿ ಓಡಿಸಿದ.

ಪರೀಕ್ಷೆ ನಡೆಯುತ್ತಿದ್ದ ಸಾಲೆಯ ಗೇಟು ಹಾಕಿತ್ತು. ಅರ್ಧ ತಾಸು ದಾಟಿದ ಮೇಲೆ ಬಿಡುವ ಹಾಗಿಲ್ಲ ಎಂದರು ಅಲ್ಲಿಯ ಮೇಲ್ವಿಚಾರಕರು.

“ಗಾಡಿ ಕೆಟ್ಟಿತ್ರಿ ಸಾಹೇಬ್ರ.”

“ತಾವರಗೇರಾದ ಬಸ್ಸು ಬಂದೈತಲ್ರಿ. ಅದ್ರಾಗ ಬಂದ ಹುಡುಗ್ಯಾರು ಒಳಗ ಕುಂತು ಬರ್ಯಾಕತ್ತಾರ.”

ಶಾಂತಕ್ಕ ಅಳಲಿಲ್ಲ. ಹಾಳೆಗೆ ಅಡಿಯಾಗಿ ಇಡಲು ತಂದಿದ್ದ ರಟ್ಟನ್ನು ಎದೆಗವಚಿಕೊಂಡು ಗೇಟಿನ ಸಂದಿಯಿಂದ ಒಳಗೆ ನೋಡುತ್ತ ನಿಂತಳು.

ಬಜಾರಿನಲ್ಲಿ ಕೇಳಿದವರಿಗೆ ಅಪ್ಪ ತಡವಾಯಿತು ಎನ್ನಲಿಲ್ಲ, ಕಾರು ನಿಂತಿತು ಎನ್ನಲಿಲ್ಲ. ಫಲಿತಾಂಶ ಬಂದಾಗ, “ಗಣಿತದಾಗ ಹ್ವಾತು. ಹೆಣ್ಣುಹುಡುಗ್ಯಾರಿಗೆ ಅದು ಕಠಿಣ ನೋಡ್ರಿ,” ಎಂದ. ಎಲ್ಲರೂ ಹೌದೆಂದರು. ಅಂದು ಬಸ್ಸಿನ ಕಿಟಕಿಯಿಂದ ನೋಡಿದ್ದವರೂ ಸಾವುಕಾರರ ಮಾತಿಗೆ ತಲೆಯಾಡಿಸಿದರು. ಎದುರು ನಿಂತು ನಿಜ ಹೇಳಬಹುದಾಗಿದ್ದ ಹುಸೇನಪ್ಪನನ್ನು ಅಷ್ಟರಲ್ಲಿ ಯಲಬುರ್ಗಾ ಕಡೆಯ ಬಸ್ಸಿಗೆ ಹಾಕಿದ್ದರು. ಮತ್ತೆ ಅಕ್ಟೋಬರಿನಲ್ಲಿ ಬರೆಯುತ್ತೇನೆಂದು ಶಾಂತಕ್ಕ ಪುಸ್ತಕ ತೆಗೆದಿಟ್ಟಿದ್ದಳು. “ಫೇಲಾದಾಕಿಗೆ ಎಷ್ಟಂತ ಓದಸೂದು?” ಎಂದ ಅಪ್ಪ ಶ್ರಾವಣಕ್ಕೇ ಇರಕಲ್ಲಗಡದ ಸಂಬಂಧ ಗೊತ್ತು ಮಾಡಿದ. ಸಾಲೆಯಲ್ಲಿ ಗೆಳತಿಯರು ಕೇಳಿದಾಗ ನಾನೂ ಹಾಗೆಯೇ ಹೇಳಿದೆ. ಗಣಿತದಲ್ಲಿ ಹೋಯಿತು ಎಂದೆ. ಮನೆಯ ಕಾರು ಕೆಟ್ಟು ನಿಂತಿತೆನ್ನಲು ನನಗೂ ನಾಚಿಕೆಯಿತ್ತು.

ಈಗ ನಮ್ಮ ಓಣಿಯಲ್ಲಿ ಪ್ರತಿ ಮನೆಯ ಮುಂದೆಯೂ ಕಾರುಗಳು ನಿಂತಿವೆ. ಆ ಕಾಲದ ಕಾರಿನ ಮಾತು ಬಂದರೆ ನನ್ನ ವಾರಿಗೆಯವರ ಕಣ್ಣುಗಳು ಹೊಳೆಯುತ್ತವೆ. ಅರಿಶಿನ, ಸಬಕಾರ, ಉಳ್ಳಾಗಡ್ಡಿ ಎಂದು ನೆನೆಸಿಕೊಂಡು ನಗುತ್ತಾರೆ, ಆ ಜಾಣತನವೆಲ್ಲ ಹೋಯಿತು ಎಂದು ಹಳಹಳಿಸುತ್ತಾರೆ. ನನಗೆ ಆ ಹಳಹಳಿಯಿಲ್ಲ. ನಮ್ಮ ಮನೆಯಿಂದ ಹೋದದ್ದು ಬೇರೆ.

ಹೋದ ತಿಂಗಳು ಇರಕಲ್ಲಗಡಕ್ಕೆ ಹೋಗಿದ್ದೆ. ಶಾಂತಕ್ಕನ ಮೊಮ್ಮಗಳು ಲೆಕ್ಕದ ಪುಸ್ತಕ ಹರಡಿಕೊಂಡು ಕುಳಿತಿದ್ದಳು. “ಅಮ್ಮಾ, ನೀ ಎಷ್ಟನೆತ್ತ ಮಟ ಕಲ್ತಿ?” ಎಂದು ಅಜ್ಜಿಯನ್ನು ಕೇಳಿದಳು.

ಅಕ್ಕಿ ಆರಿಸುತ್ತಿದ್ದ ಶಾಂತಕ್ಕ ತಲೆ ಎತ್ತಲಿಲ್ಲ. “ಹತ್ತನೆತ್ತ ಮಟ ಬೇ. ಗಣಿತದಾಗ ಹ್ವಾತು. ನನ್ನ ತಲ್ಯಾಗ ಅದು ಹೋಗತಿದ್ದಿಲ್ಲ,” ಎಂದಳು.

ನಾನು ಪಕ್ಕದಲ್ಲೇ ಕುಳಿತಿದ್ದೆ. ಅಪ್ಪ ತೀರಿಹೋಗಿ ಎಷ್ಟೋ ವರ್ಷಗಳಾಗಿವೆ. ಆದರೂ ನನ್ನ ಬಾಯಿ ಏಳಲಿಲ್ಲ.