ಮಸಿನಗುಡಿಯಲ್ಲಿ ಕಾರಿನ ಕೀ ಕಳೆದದ್ದು

ನಾದಿನಿಯ ನಿಶ್ಚಿತಾರ್ಥಕ್ಕೆ ನಾವು ಕಾರಿನಲ್ಲೇ ಹೋಗಬೇಕಾದ ಅಗತ್ಯವೇನೂ ಇರಲಿಲ್ಲ. ಗೂಡಲೂರಿನ ನಮ್ಮ ಬಟ್ಟೆ ಅಂಗಡಿಯಿಂದ ನಾಲ್ಕು ಹೆಜ್ಜೆ ನಡೆದರೆ ಮಾವನ ಊರಾದ ಮಸಿನಗುಡಿಗೆ ಬಸ್ಸು ಸಿಗುತ್ತಿತ್ತು. ಆದರೆ ಆಗಷ್ಟೇ ಕುನ್ನೂರಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೆ. ನಮ್ಮ ಕಡೆಯವರಲ್ಲಿ ಅದೇ ಮೊದಲ ಕಾರು. ಮಾವನ ಮನೆಯವರು ಅದನ್ನು ಇನ್ನೂ ನೋಡಿರಲಿಲ್ಲ.

ಹೋಗುವಷ್ಟರಲ್ಲಿ ತಡವಾಗಿತ್ತು. ಮೋಯಾರಿನಿಂದ ಬಂದ ಗಂಡಿನ ಕಡೆಯವರ ಜೀಪು ಆಗಲೇ ಮನೆಯಂಗಳದಲ್ಲಿ ನಿಂತಿತ್ತು. ಓಣಿಯ ಬಾಯಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ, ನಾನು ಕಾರು ನಿಲ್ಲಿಸಿದೆ. ಹೆಂಡತಿ, "ಸ್ವಲ್ಪ ಪಕ್ಕಕ್ಕೆ ಹಾಕಿ, ಜೀಪು ಹೋಗಕ್ಕಾಗಲ್ಲ" ಅಂದಳು. "ಹೊರಡುವಾಗ ತೆಗೀತೀನಿ ಬಿಡು" ಅಂದೆ. ಆ ದಿನ ತೊಟ್ಟ ರೇಷ್ಮೆ ಜುಬ್ಬಕ್ಕೆ ಜೇಬಿರಲಿಲ್ಲ. ಕೀ ಕೈಯಲ್ಲೇ ಇತ್ತು. ಜೇಬಿದ್ದಿದ್ದರೂ ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದೆನೇನೋ.

ಶಾಸ್ತ್ರ ಮುಗಿಯಿತು. ಹಿರಿಯ ಅಳಿಯನೆಂದು ಹೊಸ ಪಂಚೆ ಇಟ್ಟ ತಾಂಬೂಲದ ತಟ್ಟೆಯನ್ನು ಗಂಡಿಗೆ ನನ್ನ ಕೈಯಿಂದಲೇ ಕೊಡಿಸಿದರು. ಊಟವೂ ಆಯಿತು. ಬಿಸಿಲು ಇಳಿಯುತ್ತಿದ್ದ ಹಾಗೆ ಗಂಡಿನ ಕಡೆಯವರು ಎದ್ದರು. ಮೋಯಾರಿನ ದಾರಿಯಲ್ಲಿ ಕತ್ತಲಾದರೆ ಆನೆ ಭಯ. ಕಾರು ತೆಗೆಯಲು ಹೊರಟಾಗ ಕೈ ಖಾಲಿಯಿತ್ತು.

ಮೊದಲು ನಾನೊಬ್ಬನೇ ಹುಡುಕಿದೆ, ಯಾರಿಗೂ ಗೊತ್ತಾಗದ ಹಾಗೆ. ಆಮೇಲೆ ಹೆಂಡತಿ ಸೇರಿದಳು, ಆಮೇಲೆ ಅತ್ತೆ, ಭಾವಮೈದುನ. ಜಮಖಾನ ಕೊಡವಿದರು. ಎಂಜಲೆಲೆಯ ಗುಡ್ಡೆಯನ್ನು ಕೋಲಿನಿಂದ ಕೆದಕಿದರು. ಅನ್ನದ ಕೊಳಗದ ಕೆಳಗೂ ನೋಡಿದರು. ಗಂಡಿನ ಕಡೆಯವರು ಚಪ್ಪಲಿ ಮೆಟ್ಟಿಕೊಂಡು ಜಗುಲಿಯಲ್ಲಿ ಸಾಲಾಗಿ ಕಾಯುತ್ತಿದ್ದರು. ಅವರಿಗೆ ಬೇಜಾರಾಗದಿರಲಿ ಎಂದು ನಾನು ಗಟ್ಟಿಯಾಗಿ ಒಂದು ಮಾತು ಹೇಳಿದೆ:

"ನೀವ್ಯಾರೂ ಬೇರೆ ತಿಳ್ಕೋಬೇಡಿ. ನನಗೆ ಯಾರ ಮೇಲೂ ಅನುಮಾನ ಇಲ್ಲ."

ಅಲ್ಲಿಯವರೆಗೆ ಅನುಮಾನ ಎಂಬ ಮಾತನ್ನು ಯಾರೂ ಎತ್ತಿರಲಿಲ್ಲ. ಯಾರ ಮನಸ್ಸಿನಲ್ಲೂ ಇರಲಿಲ್ಲ. ಜಗುಲಿಯಲ್ಲಿ ಮಾತು ನಿಂತಿತು. ಗಂಡಿನ ತಾಯಿ, ಅರವತ್ತರ ಆಸುಪಾಸಿನ ಹೆಂಗಸು, ಮೆಟ್ಟಿದ್ದ ಚಪ್ಪಲಿ ಬಿಟ್ಟು ಒಳಗೆ ಬಂದರು. ಸೊಂಟಕ್ಕೆ ಸಿಕ್ಕಿಸಿದ್ದ ಎಲೆಯಡಿಕೆ ಚೀಲ ತೆಗೆದು, ಬಾಯಿ ಬಿಚ್ಚಿ, ಜಮಖಾನದ ಮೇಲೆ ಸುರಿದರು. ಬಾಡಿದ ವೀಳ್ಯದೆಲೆ, ಅಡಿಕೆ ಚೂರು, ಸುಣ್ಣದ ಡಬ್ಬಿ, ಹಾಳೆಯಲ್ಲಿ ಸುತ್ತಿದ ಎರಡು ತಲೆನೋವಿನ ಮಾತ್ರೆ.

"ನೋಡ್ಕಳಪ್ಪ" ಅಂದರು. ಸಿಟ್ಟಿನಿಂದಲ್ಲ.

"ಅಮ್ಮಾ, ಬೇಡ, ನಾನು ಹಾಗೆ ಹೇಳಲಿಲ್ಲ" ಅಂದೆ. ಅಷ್ಟರಲ್ಲಿ ಅವರ ಹಿಂದಿದ್ದ ಗಂಡಸರು ಒಬ್ಬೊಬ್ಬರಾಗಿ ಅಂಗಿಯ ಜೇಬನ್ನು ಹೊರಗೆ ಎಳೆದು ತೋರಿಸತೊಡಗಿದ್ದರು. ಹೆಂಡತಿ ನನ್ನನ್ನೇ ನೋಡಿದಳು. ಮದುವೆಯಾದ ಮೇಲೆ ಅವಳು ಹಾಗೆ ನೋಡಿದ್ದು ಅದೇ ಮೊದಲು.

ಕಾರಿನ ಹ್ಯಾಂಡ್‌ಬ್ರೇಕ್ ಎಳೆದಿತ್ತು, ಸ್ಟೇರಿಂಗ್ ಲಾಕ್ ಆಗಿತ್ತು, ತಳ್ಳುವ ಹಾಗಿರಲಿಲ್ಲ. ಕೊನೆಗೆ ಜೇಬು ತೋರಿಸಿದ ಅದೇ ಗಂಡಸರು ಪಂಚೆ ಮೇಲೆ ಕಟ್ಟಿ, ನಮ್ಮವರ ಜೊತೆ ಕೈಹಾಕಿ, ಕಾರನ್ನು ಹಿಂದೊಮ್ಮೆ ಮುಂದೊಮ್ಮೆ ಎತ್ತೆತ್ತಿ ಪಕ್ಕದ ಟೀ ಅಂಗಡಿಯ ಮುಂದೆ ಇಟ್ಟರು. ಜೀಪು ಹೊರಟಿತು. ಗಂಡಿನ ತಾಯಿ ಹತ್ತುವಾಗ ನಾನು ಕೈಮುಗಿದೆ. ಅವರೂ ಮುಗಿದರು, ಮುಖ ನೋಡಲಿಲ್ಲ.

ಮಾರನೆಯ ದಿನ ಗೂಡಲೂರಿನ ಕೀ ಮಾಡುವವನನ್ನು ಕರೆದುಕೊಂಡು ಹೋದೆ. ಮಲಯಾಳಿ, ಕೆಲಸಗಾರ. ಬಾಗಿಲಿನ ಬೀಗ ನೋಡಿಕೊಂಡು, ಅರದಿಂದ ಉಜ್ಜಿ ಉಜ್ಜಿ ಹೊಸ ಕೀ ಮಾಡಿದ. ಬಾಗಿಲು ತೆರೆಯಿತು. ಸ್ಟೇರಿಂಗ್ ಬಿಟ್ಟಿತು. ಇಂಜಿನ್ನೂ ಸದ್ದು ಮಾಡಿತು. ಟೀ ಅಂಗಡಿಯಲ್ಲಿದ್ದವರು 'ಹೋ' ಎಂದರು. ಆದರೆ ಇಂಜಿನ್ ಕ್ಷಣದಲ್ಲೇ ನಿಂತುಹೋಯಿತು. ಮತ್ತೆ ತಿರುಗಿಸಿದರೆ ಮತ್ತೆ ಅದೇ ಕಥೆ. ಮೀಟರಿನ ಪಕ್ಕ ಒಂದು ಕೆಂಪು ದೀಪ ಮಿಟುಕುತ್ತಿತ್ತು. "ಇದು ನನ್ನ ಕೈಯಲ್ಲಿಲ್ಲ, ಕಂಪನಿಯವರೇ ಬರಬೇಕು" ಎಂದು ಅವನು ಅರ ಒರೆಸಿಕೊಂಡ. ಕುನ್ನೂರಿಗೆ ಫೋನ್ ಮಾಡಿದರೆ, ಇನ್ನೊಂದು ಕೀ ತಮ್ಮ ಹತ್ತಿರವೇ ಯಾವತ್ತೋ ಕಳೆದುಹೋಗಿದೆ ಎಂದರು.

ಕೊಯಮತ್ತೂರಿನಿಂದ ಕಂಪನಿಯ ಮೆಕ್ಯಾನಿಕ್ ಬರುವವರೆಗೆ ಕಾರು ಅಲ್ಲೇ ನಿಂತಿತ್ತು. ಮಂಗಗಳು ವೈಪರ್ ಕಿತ್ತವು. ಮಾವ ಅದಕ್ಕೆ ಟಾರ್ಪಾಲು ಹೊದಿಸಿ ಮುಳ್ಳು ಕಟ್ಟಿದರು. ಟೀ ಕುಡಿಯಲು ಬಂದವರಿಗೆಲ್ಲ ಅತ್ತೆ ಉತ್ತರ ಹೇಳಬೇಕಾಗಿತ್ತು.

ಮೆಕ್ಯಾನಿಕ್ ಬಂದವನೇ ತಮಿಳಿನಲ್ಲಿ, "ಆರ್.ಸಿ. ಬುಕ್ ಕೊಡಿ ಸಾರ್, ಫೋಟೋ ಇರೋ ಕಾರ್ಡೂ ಕೊಡಿ. ಗಾಡಿ ನಿಮ್ಮದೇ ಅಂತ ಗೊತ್ತಾಗದೆ ಕೀ ಕೊಡೋ ಹಾಗಿಲ್ಲ" ಅಂದ. ಮಾವನ ಎದುರಿಗೆ ಫೋಟೋವನ್ನೂ ನನ್ನ ಮುಖವನ್ನೂ ಹೋಲಿಸಿ ನೋಡಿದ. ತಪ್ಪೇನಿಲ್ಲ. ಆದರೂ ಜಮಖಾನದ ಮೇಲೆ ಚೀಲ ಸುರಿದವರ ನೆನಪಾಯಿತು.

ಕೀಯ ತಲೆ ದಪ್ಪಗಿರುವುದು ಹಿಡಿಯುವ ಅನುಕೂಲಕ್ಕೆ ಅಂದುಕೊಂಡಿದ್ದೆ. ಅದರೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದಂತೆ. ಕೀ ಹಾಕುವ ಜಾಗದ ಸುತ್ತ ಇರುವ ತಂತಿಯ ಬಳೆ ಅದರ ನಂಬರನ್ನು ಓದಿ ಕಾರಿನ ಕಂಪ್ಯೂಟರಿಗೆ ಕೊಡುತ್ತದಂತೆ. ನಂಬರು ಸರಿಯಿಲ್ಲದಿದ್ದರೆ, ಕೀಯ ಹಲ್ಲು ಎಷ್ಟೇ ಸರಿಯಾಗಿ ಕೂತರೂ ಪೆಟ್ರೋಲು ನಿಲ್ಲುತ್ತದಂತೆ. ಅವನು ಸ್ಟೇರಿಂಗ್ ಕೆಳಗೆ ಒಂದು ಪೆಟ್ಟಿಗೆಯ ವೈರು ಸಿಕ್ಕಿಸಿ, ಹೊಸ ಕೀಯನ್ನು ಕಾರಿಗೆ ಪರಿಚಯಿಸಿದ. ಹಳೆಯ ಕೀಯ ನೆನಪನ್ನು ಅಳಿಸಿದ.

"ಹಳೇದು ಯಾರಿಗಾದ್ರೂ ಸಿಕ್ಕಿದ್ರೆ?" ಎಂದು ಮಾವ ಕೇಳಿದರು.

"ಬಾಗಿಲು ತೆಗೀಬಹುದು, ಅಷ್ಟೇ. ಗಾಡಿ ಸ್ಟಾರ್ಟ್ ಆಗಲ್ಲ."

ಅವನು ಊಟಿಯ ಬಸ್ಸು ಹತ್ತಿ ಹೋದ. ನಾನು ಹೊರಡಬೇಕು ಎನ್ನುವಾಗ ಮೋಯಾರಿನ ಕಡೆಯಿಂದ ಬಂದ ಬಾಡಿಗೆ ಜೀಪಿನಿಂದ ಗಂಡಿನ ತಾಯಿ ಇಳಿದರು, ಜೊತೆಗೆ ಮದುವೆಯ ಗಂಡು. ಆಕೆ ಸೆರಗಿನ ಗಂಟು ಬಿಚ್ಚುತ್ತಲೇ ಬಂದರು.

"ನಿಮ್ ಬೀಗ್ದಕೈ ನಮ್ಮಲ್ಲೇ ಇತ್ತು ಕಣಪ್ಪ. ತಟ್ಟೇಲಿ ಕೊಟ್ರಲ್ಲ ಪಂಚೆ, ಅದ್ರ ಮಡಿಕೆ ಒಳ್ಗೆ. ಇವತ್ತು ಬಿಡಿಸ್ದಾಗ ಬಿತ್ತು. ದೇವ್ರಾಣೆ, ನಾವ್ ನೋಡಿರ್ಲಿಲ್ಲ." ಕೀಯನ್ನು ನನ್ನ ಅಂಗೈಯಲ್ಲಿಟ್ಟರು. "ಇದ್ರಿಂದ ಸಂಬಂಧ ನಿಲ್ಲಲ್ಲ ತಾನೆ?"

ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿಯಬೇಕಾದಾಗ ಕೀಯನ್ನು ಪಂಚೆಯ ಮಡಿಕೆಗೆ ತುರುಕಿದವನು ನಾನೇ ಇರಬೇಕು.

"ತುರುಕಿದ್ದು ನಾನೇ ಅಮ್ಮಾ, ನಿಮ್ಮದೇನಿದೆ ಇದರಲ್ಲಿ" ಅಂದೆ. ಅವರಿಗೆ ಅದು ಸಾಲಲಿಲ್ಲ.

"ಹಾಕ್ ನೋಡಪ್ಪ. ಅದೇನಾ ಅಂತ ಎಲ್ರೂ ನೋಡ್ಲಿ."

ಟೀ ಅಂಗಡಿಯವರೆಲ್ಲ ನೋಡುತ್ತಿದ್ದರು. ಹಳೆಯ ಕೀಯಿಂದಲೇ ಬಾಗಿಲು ತೆಗೆದೆ. ಒಳಗೆ ಕೂತು, ಅದನ್ನು ತೊಡೆಯ ಕೆಳಗೆ ಸರಿಸಿ, ಹೊಸ ಕೀ ಹಾಕಿ ತಿರುಗಿಸಿದೆ. ಇಂಜಿನ್ ನಿಲ್ಲದೆ ಓಡಿತು. ಆಕೆ ಎರಡೂ ಕೈ ಹಣೆಗೆ ಮುಟ್ಟಿಸಿಕೊಂಡರು. ಪಕ್ಕದ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ ಮದುವೆಯ ಗಂಡಿಗೆ ಎರಡೂ ಕೀ ಕಂಡಿದ್ದವು. ಅವನು ತಾಯಿಯತ್ತ ಒಮ್ಮೆ ನೋಡಿ, ಬಾಗಿಲು ತೆಗೆದು ಒಳಗೆ ಕೂತ.

ಅವರಿಬ್ಬರನ್ನೂ ನಾನೇ ಮೋಯಾರಿಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಆಡಬೇಕೆಂದುಕೊಂಡ ಮಾತು, ಅವರ ಮನೆಯ ಮುಂದೆ ಇಳಿಯುವಾಗ ಬಾಯಿಗೆ ಬಂತು.

"ಅವತ್ತು ನಾನು ಅನುಮಾನದ ಮಾತೇ ಎತ್ತಬಾರದಿತ್ತು ಅಮ್ಮಾ."

ಅವರು ಇಳಿದು ಸೆರಗು ಸರಿಮಾಡಿಕೊಂಡರು. "ನೀವು ಎತ್ತದೆ ಇದ್ರೂ ನಾನು ಚೀಲ ಬಿಚ್ಚತಿದ್ದೆ ಕಣಪ್ಪ. ಕಾರಿನವ್ರ ವಸ್ತು ಕಳೆದ್ರೆ ನಮ್ಮಂತೋರು ಮೊದ್ಲೇ ತೋರ್ಸ್ಬಿಡ್ಬೇಕು. ಬನ್ನಿ, ಕಾಪಿ ಕುಡ್ದು ಹೋಗಿ."

ಕಾಫಿ ಕುಡಿದೆ. ಅದರ ರುಚಿ ನೆನಪಿಲ್ಲ. ಮದುವೆ ಚೆನ್ನಾಗಿಯೇ ನಡೆಯಿತು. ಕಾರಿಗೇನೂ ಆಗಿರಲಿಲ್ಲ, ಆದರೂ ಮದುವೆಯ ದಿನ ನಾನು ಹೆಂಡತಿಗೆ, "ಬಸ್ಸಿಗೆ ಹೋಗೋಣ" ಅಂದೆ. ಅವಳು ಬಸ್ಸಿನ ಚಿಲ್ಲರೆ ತೆಗೆದಿಟ್ಟುಕೊಂಡಳು.