ನಾನು ಬಂದೆನೆಂದು ಹೇಳುತ್ತಿದ್ದ ಲ್ಯಾಪ್‌ಟಾಪ್

ನಿಶ್ಚಯವಾಗಿದ್ದ ಮದುವೆಯನ್ನು ನಾನೇ ಬೇಡವೆಂದೆ. ಎಲ್ಲಿದ್ದೀ, ಯಾರ ಜೊತೆ ಇದ್ದೀ ಎಂದು ಗಳಿಗೆಗೊಮ್ಮೆ ಕೇಳುವ ಗಂಡಸಿನ ಜೊತೆ ಬಾಳುವುದು ನನ್ನಿಂದಾಗದು ಎಂದಾಗ ಮನೆಯಲ್ಲಿ ನನ್ನ ಪರ ನಿಂತವಳು ಚಿಕ್ಕವ್ವ ಒಬ್ಬಳೇ. ಮುಡಬಿಯಿಂದ ಬಸವಕಲ್ಯಾಣದ ತನ್ನ ಮನೆಗೆ ಕರೆತಂದಳು. ಆತನ ನಂಬರನ್ನು ಫೋನಿನಲ್ಲಿ ಬ್ಲಾಕ್ ಮಾಡಿ, ಕೋರ್ಟಿನ ಹತ್ತಿರ ಸಣ್ಣ ಮಳಿಗೆ ಹಿಡಿದು ಅರ್ಜಿ ಟೈಪ್ ಮಾಡಿಕೊಡುವ ಕೆಲಸ ಶುರು ಮಾಡಿದೆ.

ಹೊಸ ಲ್ಯಾಪ್‌ಟಾಪ್ ಕೊಂಡು ಇನ್ನೂ ಕೈ ಕುದುರಿರಲಿಲ್ಲ. ಒಂದು ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಸಣ್ಣ ಚೌಕವೊಂದು ಎದ್ದಿತು. ಅದರಲ್ಲಿ ಆತನ ಫೋಟೊ, ಪಕ್ಕದಲ್ಲಿ ಒಂದೇ ಸಾಲು: "ಇವತ್ತ ತಡಾ ಆತಲ್ಲ."

ನಿಜಕ್ಕೂ ಅಂದು ಮಳಿಗೆ ತೆರೆಯುವುದು ತಡವಾಗಿತ್ತು. ಎದುರಿನ ಚಹಾದ ಹೋಟೆಲಿನಲ್ಲಿ ಕೂತವರ ಮುಖವನ್ನೆಲ್ಲ ಹುಡುಕಿದೆ. ಆತ ಇರಲಿಲ್ಲ. ಮರುದಿನ ಅದೇ ಚೌಕದಲ್ಲಿ, ಊಟಕ್ಕೆ ಹೋಗಿದ್ದೆಯಾ ಎಂದು ಕೇಳಿದ. ಬಾಗಿಲಿಗೆ ಬಟ್ಟೆ ಇಳಿಬಿಟ್ಟೆ. ಮನೆಗೆ ಬೇರೆ ದಾರಿಯಿಂದ ಹೋಗತೊಡಗಿದೆ. ಗಿರಾಕಿಗಳು ಒಳಗೆ ಬಂದರೂ ಬೆಚ್ಚುತ್ತಿದ್ದೆ.

ಆತ ಎದುರಿಗೆಲ್ಲೂ ಕೂತಿಲ್ಲ ಎಂದು ತಿಳಿಯಲು ಕೆಲವು ದಿನ ಹಿಡಿಯಿತು. ಅದು ಲ್ಯಾಪ್‌ಟಾಪಿನ ಜೊತೆಗೇ ಬಂದಿದ್ದ ಮೆಸೇಜಿನ ಪ್ರೋಗ್ರಾಂ. ಮೊದಲ ದಿನ ಕೇಳಿತೆಂದು ನನ್ನ ನಂಬರು ಕೊಟ್ಟಿದ್ದೆ. ನಾನು ಲ್ಯಾಪ್‌ಟಾಪ್ ತೆರೆದೊಡನೆ ಅದೂ ತಾನಾಗಿ ಎದ್ದು, ನನ್ನ ನಂಬರು ಇದ್ದವರಿಗೆಲ್ಲ ನಾನು ಬಂದಿದ್ದೇನೆಂದು ನನ್ನ ಹೆಸರಿನ ಮುಂದೆ ಹಸಿರು ಚುಕ್ಕೆ ತೋರಿಸುತ್ತಿತ್ತು. ಮುಚ್ಚಿದರೆ ಗಡಿಯಾರದ ಪಕ್ಕ ಅಡಗುತ್ತಿತ್ತು. ತೆಗೆದುಹಾಕಲು ಹೋದರೆ ಅದಕ್ಕಿದ್ದ ಗುಂಡಿಯನ್ನೇ ಒತ್ತಲಾಗುತ್ತಿರಲಿಲ್ಲ. ಅದರಲ್ಲೂ ಆತನನ್ನು ಬ್ಲಾಕ್ ಮಾಡಿದೆ. ಬೇರೆ ಹೆಸರಿನಲ್ಲಿ ಬಂದ.

ಲ್ಯಾಪ್‌ಟಾಪ್ ಕೊಂಡ ಅಂಗಡಿ ಹುಮನಾಬಾದಿನ ಬಸ್ ನಿಲ್ದಾಣದ ಎದುರಿಗಿತ್ತು. ಅಲ್ಲೇ ಅದನ್ನು ತೆಗೆಸೋಣವೆಂದು ಚಿಕ್ಕವ್ವನಿಗೂ ಹೇಳದೆ ಲ್ಯಾಪ್‌ಟಾಪ್ ಹಿಡಿದು ಬಸ್ ಹತ್ತಿದೆ. ಆತನ ಊರು ದುಬಲಗುಂಡಿ. ಅಲ್ಲಿಂದ ಹುಮನಾಬಾದಿಗೆ ಬಸ್ಸುಗಳಿವೆ ಎಂಬುದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಅಂಗಡಿಯವರು ನಡುವಯಸ್ಸಿನವರು. ಈ ಪ್ರೋಗ್ರಾಂ ಬೇಡವೆಂದಷ್ಟೇ ಹೇಳಿದೆ. ಅವರು ಲ್ಯಾಪ್‌ಟಾಪನ್ನು ಅಂಗಡಿಯ ಇಂಟರ್‌ನೆಟ್ಟಿಗೆ ಸೇರಿಸಿದ್ದೇ ತಡ, ಚೌಕ ಎದ್ದಿತು.

"ಹುಮನಾಬಾದನ್ಯಾಗ ಯಾರ ಹತ್ರ ಬಂದಿ? ಅಲ್ಲೇ ಇರು."

ಅಂಗಡಿಯವರು ಓದಿದರು. ನನ್ನ ಮುಖ ನೋಡಿದರು.

"ಇವರು ನಿಮಗ ಬೇಕಾದವರೇನ್ರಿ, ತಂಗಿ?"

"ಅಲ್ರಿ," ಎಂದೆ.

"ಹಂಗಾದ್ರ ಈಗೇ ಅಳಿಸೂದು ಬ್ಯಾಡ. ಮೊದಲ ಎಲ್ಲಾದ್ರದ್ದೂ ಫೋಟೊ ತಗೋರಿ."

ಆತನ ಹಳೆಯ ಮೆಸೇಜುಗಳನ್ನೂ ತೆರೆದು ಫೋನಿನಲ್ಲಿ ಫೋಟೊ ತೆಗೆದೆ. ಮಸುಕಾದವನ್ನು ಮತ್ತೆ ತೆಗೆದೆ. ನನ್ನ ಹೆಸರಿನ ಕೆಳಗೆ ಊರಿನ ಹೆಸರೂ ಕಾಣುವಂತೆ ಆ ಪ್ರೋಗ್ರಾಂ ಮಾಡಿತ್ತೆಂದು ಅವರು ತೋರಿಸಿದರು. ಮೊದಲು ನನ್ನ ಖಾತೆಯನ್ನೇ ಮುಚ್ಚಿಸಿದರು. ಆಮೇಲೆ ಕಪ್ಪು ಪರದೆಯೊಂದನ್ನು ತೆರೆದು ಏನೋ ಬರೆದು ಪ್ರೋಗ್ರಾಮನ್ನು ಬೇರುಸಹಿತ ತೆಗೆದರು. ಅಷ್ಟು ಹೊತ್ತೂ ನನ್ನ ಕಣ್ಣು ರಸ್ತೆಯ ಮೇಲೆಯೇ ಇತ್ತು.

ಚಿಕ್ಕವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಕೆ ಬಯ್ಯಲಿಲ್ಲ. ಒಳಗೆ ಕೂತಿರು, ಬಂದೆ ಎಂದಳು. ಅಂಗಡಿಯವರು ಕಪಾಟಿನ ಹಿಂದೆ ಸ್ಟೂಲ್ ಹಾಕಿಕೊಟ್ಟರು.

ಚಿಕ್ಕವ್ವನಿಗಿಂತ ಮೊದಲು ಆತನೇ ಬಂದ. ನಿಲ್ದಾಣದಲ್ಲಿ ನಿಂತಿದ್ದ ಬಸ್ಸುಗಳ ಕಿಟಕಿಯೊಳಗೆ ಇಣುಕುತ್ತ, ನಡುನಡುವೆ ಫೋನ್ ನೋಡಿಕೊಳ್ಳುತ್ತ ಓಡಾಡಿದ. ಒಮ್ಮೆ ರಸ್ತೆ ದಾಟಿ ನಮ್ಮ ಅಂಗಡಿಯ ಮುಂದೆಯೇ ಹಾದುಹೋದ. ನಾನು ಕಪಾಟಿನ ಸಂದಿಯಿಂದ ನೋಡಿದೆ. ಫೋನಿನಲ್ಲಿ ನನ್ನ ಹೆಸರು ಕಾಣದೆ ಅವನ ಮುಖ ಕೆಂಪಾಗಿತ್ತು. ಆತ ಒಳಗೆ ತಿರುಗಿ ನೋಡಲಿಲ್ಲ.

ಚಿಕ್ಕವ್ವ ಬಂದವಳೇ ನನ್ನ ಕೈ ಹಿಡಿದಳು. "ನಡಿ, ಠಾಣೆಕ್ಕ ಹೋಗೂಣು. ಅಂಜಿಕಿ ಆದ್ರ ಅಂಜಕೋತನ ನಡಿ," ಎಂದಳು. ಅಂಗಡಿಯವರೂ ಶಟರ್ ಅರ್ಧ ಇಳಿಸಿ ಜೊತೆಗೆ ಬಂದರು. ಠಾಣೆಯಲ್ಲಿ ಫೋಟೊಗಳನ್ನು ತೋರಿಸಿದೆವು. ಮರುದಿನ ಆತನನ್ನು, ಆತನ ಅಪ್ಪನನ್ನು ಕರೆಸಿದರು. ಇನ್ನು ನನ್ನ ತಂಟೆಗೆ ಬರುವುದಿಲ್ಲವೆಂದು ಆತ ನನ್ನೆದುರೇ ಬರೆದುಕೊಟ್ಟ. ತಲೆ ಎತ್ತಲಿಲ್ಲ.

ಆತ ಮತ್ತೆ ಬಂದಿಲ್ಲ. ಆದರೆ ಲ್ಯಾಪ್‌ಟಾಪ್ ಅಪ್‌ಡೇಟ್ ಆದಾಗ ಒಮ್ಮೆ ಆ ಪ್ರೋಗ್ರಾಂ ಮರಳಿ ಬಂದು, ನಿಮ್ಮ ನಂಬರು ಕೊಡಿ ಎಂದು ಕೇಳಿತು. ಹಾಡುಹಗಲು, ಮಳಿಗೆಯಲ್ಲಿ ಗಿರಾಕಿಗಳಿದ್ದರು. ಆದರೂ ಎದ್ದು ಹೋಗಿ ರಸ್ತೆಯ ಎರಡೂ ಕಡೆ ನೋಡಿ ಬಂದ ಮೇಲೆಯೇ, ಅಂಗಡಿಯವರು ತೆಗೆದಿದ್ದ ಹಾಗೆ ಅದನ್ನು ತೆಗೆಯಲು ನನಗೆ ಕೂರಲಾಯಿತು.