ಇಬ್ಬರ ಅಗಲದ ಗವಸು

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದ ಕೂಡಲೇ, ಕಸ ಗುಡಿಸುವುದಕ್ಕೂ ಮೊದಲು, ಹಾಸಿಗೆಯಕ್ಕ ಹಿಂದಿನ ದಿನ ಹೊಲಿದು ಮುಗಿಸಿದ ಹಾಸಿಗೆಯ ಮೇಲೆ ಅಂಗಾತ ಮಲಗುತ್ತಿದ್ದಳು. ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಕೈಗಳನ್ನು ಎರಡೂ ಪಕ್ಕಕ್ಕೆ ಚಾಚಿ ಮಲಗಿದರೆ ಹತ್ತಿ ಎಲ್ಲಿ ಗಂಟು ಕಟ್ಟಿದೆ, ಎಲ್ಲಿ ತೆಳುವಾಗಿದೆ ಎಂದು ಬೆನ್ನಿಗೇ ಗೊತ್ತಾಗುತ್ತಿತ್ತು. ಕೈಯನ್ನು ನಂಬಬಾರದು, ಕೈ ತಾನು ಮಾಡಿದ ಕೆಲಸವನ್ನು ತಾನೇ ಮೆಚ್ಚಿಕೊಳ್ಳುತ್ತದೆ ಎನ್ನುವುದು ಅವಳ ವಾದ. ಗಂಟು ಸಿಕ್ಕಿತೋ, ಗಿರಾಕಿ ಬಾಗಿಲಲ್ಲೇ ನಿಂತಿದ್ದರೂ ಸರಿ, ದಬ್ಬಣ ತೆಗೆದುಕೊಂಡು ಹೊಲಿಗೆ ಬಿಚ್ಚಲು ಕೂತುಬಿಡುವಳು.

"ಬೆಳಿಗ್ಗೆ ಬೆಳಿಗ್ಗೆನೇ ನಿದ್ದೆನಾ ಅಕ್ಕಾ? ಪುಣ್ಯ ಮಾಡಿದ್ರಿ ಬಿಡಿ" ಎಂದು ಪಕ್ಕದಂಗಡಿಯ ಟೈಲರ್ ದಿನಾ ಕೆಣಕುತ್ತಿದ್ದ.

"ನೀನೂ ಹೊಲಿದ ಅಂಗಿನೆಲ್ಲ ಒಂದ್ಸಲ ಹಾಕ್ಕೊಂಡು ನೋಡು. ಆಗ ಗೊತ್ತಾಗುತ್ತೆ ಜನ ಯಾಕೆ ಬೈತಾರೆ ಅಂತ" ಎಂದು ಅವಳು ಕಣ್ಣು ಬಿಡದೆಯೇ ಹೇಳುತ್ತಿದ್ದಳು.

ಆದರೆ ಖಾಲಿ ಹೊಟ್ಟೆಯಲ್ಲೇ ಯಾಕೆ ಮಲಗುತ್ತಾಳೆ ಎನ್ನುವುದು ಅವಳ ಗಂಡನಿಗೆ ಮಾತ್ರ ಗೊತ್ತಿತ್ತು. ಏನಾದರೂ ತಿಂದು ಮಲಗಿದರೆ ತಿಂದದ್ದು ಹಾಗೇ ವಾಪಸು ಗಂಟಲಿಗೆ ಬರುತ್ತಿತ್ತು. ತುತ್ತು ಎದೆಯ ನಡುವೆ ಎಲ್ಲೋ ಸಿಕ್ಕಿಕೊಂಡು ಕೂತುಬಿಡುತ್ತಿತ್ತು. ಎದ್ದು ನಿಂತು, ಕೈ ಮೇಲೆತ್ತಿ, ಲೋಟಗಟ್ಟಲೆ ನೀರು ಕುಡಿದು ಕೆಳಗೆ ನೂಕಬೇಕು. ಅದಕ್ಕೇ ಅವಳು ಯಾರ ಮನೆಗೂ ಊಟಕ್ಕೆ ಹೋಗುತ್ತಿರಲಿಲ್ಲ. ಜನ ಜಂಬದವಳು ಎಂದುಕೊಂಡರು.

ಗಂಡ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಕೆಲಸ ಬಿಟ್ಟರೂ ಬಾಯಿಂದ ಬಸ್ಸು ಇಳಿದಿರಲಿಲ್ಲ. ಹೆಂಡತಿಯ ಎದುರು ಊಟಕ್ಕೆ ಕೂತು ಅವಳ ಕುತ್ತಿಗೆಯನ್ನೇ ನೋಡುತ್ತ, "ಒಳಗೆ ಹೋಗಿ, ಒಳಗೆ ಹೋಗಿ, ಒಳಗೆ ಜಾಗ ಇದೆ, ಬಾಗಿಲಲ್ಲೇ ಯಾಕ್ ನಿಂತಿದ್ದೀರಾ" ಎಂದು ತುತ್ತನ್ನು ಗದರಿಸುತ್ತಿದ್ದ. ಅದು ಇಳಿಯಿತು ಎಂದು ಅವಳು ತಲೆಯಾಡಿಸಿದರೆ, ಮೇಜು ತಟ್ಟಿ "ರೈಟ್!" ಎನ್ನುತ್ತಿದ್ದ. ನಗು ಬಂದು ಮುಂದಿನ ತುತ್ತು ಸಿಕ್ಕಿಕೊಳ್ಳುತ್ತಿತ್ತು.

ವರ್ಷಗಟ್ಟಲೆ ಇದು ಅಜೀರ್ಣ ಎಂದೇ ಔಷಧಿಯಾಯಿತು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಕೊಳವೆ ಬಿಟ್ಟು ನೋಡಿದರು. ಬಲೂನು ಉಬ್ಬಿಸಿ ಹಿಗ್ಗಿಸಿದರು, ಬಿಗಿದ ಸ್ನಾಯುವನ್ನು ಕತ್ತರಿಸಿದರು. ಕೆಲವು ಕಾಲ ಸುಖ, ಮತ್ತೆ ಅದೇ ಕತೆ. ಅನ್ನನಾಳಕ್ಕೆ ಊಟವನ್ನು ಕೆಳಗೆ ತಳ್ಳುವ ಶಕ್ತಿಯೇ ಸತ್ತುಹೋಗಿದೆ, ಈಗ ಅದು ಜೋತುಬಿದ್ದ ಚೀಲ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ಅದನ್ನು ಪೂರ್ತಿ ತೆಗೆದು, ಹೊಟ್ಟೆಯನ್ನೇ ಕೊಳವೆಯ ಹಾಗೆ ಮಾಡಿ ಮೇಲೆಳೆದು ಕುತ್ತಿಗೆಯ ಹತ್ತಿರ ಜೋಡಿಸಬೇಕು.

"ಹಳೇ ಗವಸು, ಹೊಲಿದ್ರೂ ನಿಲ್ಲಲ್ಲ. ಅಲ್ವಾ ಡಾಕ್ಟ್ರೇ?" ಎಂದಳು ಹಾಸಿಗೆಯಕ್ಕ. ಕತ್ತರಿಸುವುದು, ಎಳೆಯುವುದು, ಜೋಡಿಸುವುದು ಅವಳಿಗೆ ಅರ್ಥವಾಗುವ ಕೆಲಸಗಳೇ. ಹೆದರಲಿಲ್ಲ. "ಆಮೇಲೆ ಜೀವನಪೂರ್ತಿ ಚಪ್ಪಟೆಯಾಗಿ ಮಲಗೋ ಹಾಗಿಲ್ಲಮ್ಮ. ತಲೆ, ಎದೆ ಎತ್ತರದಲ್ಲೇ ಇರಬೇಕು" ಎಂದು ಡಾಕ್ಟರು ಹೇಳಿದಾಗ ಮಾತ್ರ ಗಂಡನ ಮುಖ ನೋಡಿದಳು.

"ಕೂತ್ಕೊಂಡೇ ಪ್ರಯಾಣ. ಸೀಟು ಸಿಕ್ಕಿದ್ದೇ ಪುಣ್ಯ" ಎಂದ ಅವನು. ಆದರೆ ಅವನ ಕೈ ಅಂಗಿಯ ಗುಂಡಿಯನ್ನು ತಿರುಗಿಸುತ್ತಲೇ ಇತ್ತು.

ಆಪರೇಷನ್ ಆಯಿತು. ಪಕ್ಕೆ, ಹೊಟ್ಟೆ, ಕುತ್ತಿಗೆ, ಎಲ್ಲ ಕಡೆ ಹೊಲಿಗೆ. ಎಚ್ಚರವಾದಾಗ ಅವಳು ಮೊದಲು ಕೈಯಿಟ್ಟು ನೋಡಿದ್ದು ಆ ಹೊಲಿಗೆಗಳನ್ನೇ. ಅಂತರ ಸಮವಾಗಿತ್ತು, ಸಮಾಧಾನವಾಯಿತು. ಕರುಳಿಗೆ ನೇರವಾಗಿ ಹಾಕಿದ ನಳಿಕೆಯಲ್ಲಿ ಆಹಾರ ಹೋಗುತ್ತಿತ್ತು. ವಾರಗಳು ಕಳೆದು ಮೊದಲ ಚಮಚ ನೀರನ್ನು ಬಾಯಿಗೆ ಹಾಕಿದ ದಿನ ಗಂಡ ಉಸಿರು ಬಿಗಿಹಿಡಿದು ನಿಂತಿದ್ದ. ನೀರು ಯಾರ ಅಪ್ಪಣೆಗೂ ಕಾಯದೆ ಇಳಿದುಹೋಯಿತು. ಅವನು "ರೈಟ್" ಎನ್ನುವುದನ್ನೂ ಮರೆತು ಮಂಚದ ಕಂಬಿ ತಟ್ಟಿದ.

ಮನೆಗೆ ಬಂದ ಮೇಲೆ ಹೊಸ ಕಷ್ಟ. ಅವರ ಮಂಚದ ಹಾಸಿಗೆ ಹಳೆಯದು, ಮದುವೆಯಾದ ಹೊಸದರಲ್ಲಿ ಅವಳೇ ಹೊಲಿದದ್ದು. ಇಬ್ಬರೂ ಮಲಗಿ ಮಲಗಿ ಎರಡು ತಗ್ಗುಗಳಾಗಿದ್ದವು. ಅದರ ಮೇಲೆ ಇಳಿಜಾರಾಗಿ ದಿಂಬು ಜೋಡಿಸಿದರೆ ನಿದ್ದೆಯಲ್ಲಿ ಅವಳು ಜಾರಿ ಜಾರಿ ತಗ್ಗಿಗೆ ಬೀಳುತ್ತಿದ್ದಳು. ಕಹಿ ನೀರು ಗಂಟಲಿಗೆ ನುಗ್ಗಿ ಉಸಿರು ಕಟ್ಟುತ್ತಿತ್ತು. ಹಾಗಾಗಿ ಹೊರಗಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಒರಗು ಕುರ್ಚಿ ಬಂತು. ಆ ಕೋಣೆ ಅದೆಷ್ಟು ಸಣ್ಣದೆಂದರೆ ಕುರ್ಚಿ ಬಂದ ಮೇಲೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಅವಳು ಹೊರಗೆ, ಅವನು ಒಳಗೆ. ನಡುವೆ ಒಂದು ಗೋಡೆ.

ಮದುವೆಯಾದಾಗಿನಿಂದ ಅವಳ ಪಾದಗಳು ತಣ್ಣಗೆ. ಮಲಗಿದ ಕೂಡಲೇ ಅವನ್ನು ಗಂಡನ ಮೀನಖಂಡಕ್ಕೆ ಒತ್ತಿಬಿಡುವಳು. "ಟಿಕೆಟ್ ಇಲ್ದೆ ಹತ್ತಿದ್ದೀರಾ, ಇಳೀರಿ" ಎಂದು ಅವನು ಗೊಣಗುವನು, ಕಾಲನ್ನು ಮಾತ್ರ ಸರಿಸುತ್ತಿರಲಿಲ್ಲ. ಈಗ ಅವಳ ಪಾದಕ್ಕೆ ಉಣ್ಣೆಯ ಚೀಲ. ದೀಪ ಆರಿಸುವಾಗ ಗೋಡೆಯಾಚೆಯಿಂದ "ಮಲಗಿದ್ಯಾ?" ಎಂದು ಕೇಳುವನು. "ಹೂಂ, ಕೂತಿದ್ದೀನಿ" ಎನ್ನುವಳು.

ಒಂದು ದಿನ ಅವನೇ ತೆಗೆದ ಮಾತು: "ಇಬ್ಬರಿಗೂ ಆಗೋ ಹಾಗೆ ಅಗಲವಾಗಿ ಒಂದು ಇಳಿಜಾರು ಹಾಸಿಗೆ ಮಾಡೇ. ನಾನೂ ಹಾಗೇ ಒರಗ್ತೀನಿ."

"ನನ್ನ ಪಕ್ಕೆ ಕೂಡಬೇಕಲ್ಲ. ದಬ್ಬಣ ಎಳೆದ್ರೆ ಜೀವ ಹೋಗುತ್ತೆ."

"ಟೈಲರಿಗೆ ಹೇಳೋಣ್ವಾ?"

"ಮಷೀನ್ ಹೊಲಿಗೆಗೆ ಹತ್ತಿ ನಿಲ್ಲುತ್ತೇನ್ರೀ? ಇಳಿಜಾರು ಅಂದ್ರೆ ಎಲ್ಲ ಕೆಳಗೆ ಸರಿದು ಗುಡ್ಡೆ ಆಗುತ್ತೆ."

"ಹಾಗಾದ್ರೆ ನಾನೇ ಹೊಲೀತೀನಿ. ನೀನು ಹೇಳ್ಕೊಡು."

ಅಂಗಡಿಯಿಂದ ಬಟ್ಟೆ ಬಂತು, ಹತ್ತಿ ಬಂತು. ಕಂಡಕ್ಟರ್ ನೆಲದ ಮೇಲೆ ಕಾಲು ಚಾಚಿ ಕೂತು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ದಬ್ಬಣದಲ್ಲಿ ಬೆರಳು ಚುಚ್ಚಿಕೊಳ್ಳುತ್ತ ಹೊಲಿದ. ಅವನ ಹುಬ್ಬಿನ ಮೇಲೆಲ್ಲ ಹತ್ತಿ. ಅವಳು ಕುರ್ಚಿಯಿಂದಲೇ ಯಜಮಾನಿಕೆ ಮಾಡಿದಳು. "ಬಿಗಿಯಾಗಿ ಎಳೀರಿ. ಅಯ್ಯೋ, ಅಷ್ಟು ಬಿಗಿ ಅಲ್ಲ. ಇದೇನ್ರೀ, ಹಳ್ಳಿ ಬಸ್ಸಿನ ಹಾಗೆ ಕೈ ತೋರಿಸಿದ ಕಡೆಯೆಲ್ಲ ತಿರುಗಿದೆ ನಿಮ್ಮ ಹೊಲಿಗೆ?"

"ನೇರ ಬಸ್ಸು ಬೇಕಿದ್ರೆ ಬೇರೆ ಗಂಡನ್ನ ಬುಕ್ ಮಾಡ್ಬೇಕಿತ್ತು."

ಮುಗಿಸಿದ ಸಂಜೆ ಅವನು ಅದನ್ನು ಅವಳ ಮುಂದೆ ತಂದು ಹಾಸಿದ. ತಾನೇ ಮಲಗಿ, ಹೊರಳಿ, ಪರೀಕ್ಷೆ ಪಾಸು ಎಂದು ಘೋಷಿಸಿದ. ಅವಳು ಬಗ್ಗಲಾರದೆ ಬಗ್ಗಿ ಅಂಗೈ ಆಡಿಸಿದಳು. ಹೆಜ್ಜೆಹೆಜ್ಜೆಗೂ ಗಂಟು.

"ಬಿಚ್ಚಬೇಕು" ಎಂದಳು.

"ಇವತ್ತೊಂದು ದಿನ ಹೀಗೇ ಮಲಗೋಣ ಕಣೇ. ಗಂಟು ಚುಚ್ಚಿದ್ರೆ ನನ್ನನ್ನೇ ಬೈಯುವಿಯಂತೆ."

"ಗಂಟಿರೋ ಹಾಸಿಗೆ ನನ್ನ ಕೈಯಿಂದ ಯಾರಿಗೂ ಹೋಗಿಲ್ಲ."

"ಗಿರಾಕಿ ನಾನೇ ತಾನೇ? ನನಗೆ ಒಪ್ಪಿಗೆ ಇದೆ."

"ನಿಮಗೆ ಏನು ಕೊಟ್ರೂ ಒಪ್ಪಿಗೆ. ಇನ್ನೇನು, ವಾರದಲ್ಲಿ ನಾನೇ ಸರಿಯಾಗಿ ಹೊಲೀತೀನಿ. ಇಷ್ಟು ದಿನ ತಡೆದಿದ್ದೀರಿ."

ಅವನು ಮತ್ತೆ ಒತ್ತಾಯಿಸಲಿಲ್ಲ. ಹಾಸಿಗೆಯ ಒಂದು ಅಂಚನ್ನು ಎತ್ತಿ ಅವಳ ತೊಡೆಯ ಮೇಲಿಟ್ಟ. ಅವಳು ದಾರ ಕತ್ತರಿಸುತ್ತ ಹೋದಳು, ಅವನು ಹೊರಬಂದ ಹತ್ತಿಯನ್ನು ಚೀಲಕ್ಕೆ ತುಂಬುತ್ತ ಹೋದ. ಒಂದು ಬದಿಯ ಅಂಚು ಉಳಿದಿತ್ತು. ಅಷ್ಟರಲ್ಲಿ ಅವಳ ಭುಜ ಸೋತಿತು. ನಾಳೆ ಬಿಚ್ಚಿದರಾಯಿತು ಎಂದು ಮಡಿಸಿಟ್ಟಳು. "ಮಲಗಿದ್ಯಾ?" ಎಂದು ಗೋಡೆಯಾಚೆಯಿಂದ ಕೇಳಿತು. "ಹೂಂ, ಕೂತಿದ್ದೀನಿ" ಎಂದಳು.

ಬೆಳಿಗ್ಗೆ ಅವನು ದಿನಾ ತರುತ್ತಿದ್ದ ಬಿಸಿನೀರಿನ ಲೋಟ ಬರಲಿಲ್ಲ. ಬಿಸಿಲು ಕಿಟಕಿ ದಾಟಿ ಅವಳ ಮಡಿಲಿಗೆ ಬಂತು. ಕರೆದಳು. ಕುರ್ಚಿಯಿಂದ ಏಳುವುದಕ್ಕೆ ಅವಳಿಗೆ ಆಗ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಗೋಡೆ ಹಿಡಿದು ಒಳಗೆ ಹೋದಾಗ ಅವನು ತನ್ನ ತಗ್ಗಿನಲ್ಲಿ ಮಲಗಿದ್ದ, ಮುಖ ಅವಳ ತಗ್ಗಿನ ಕಡೆಗೆ. ಮೈ ತಣ್ಣಗಾಗಿತ್ತು, ಅವಳ ಪಾದಕ್ಕಿಂತ ತಣ್ಣಗೆ.

ನಿದ್ದೆಯಲ್ಲೇ ಹೃದಯ ನಿಂತಿದೆ, ನೋವಾಗಿರಲಿಕ್ಕಿಲ್ಲ, ಪಕ್ಕದಲ್ಲೇ ಇದ್ದಿದ್ದರೂ ಗೊತ್ತಾಗುತ್ತಿರಲಿಲ್ಲ ಎಂದು ಬಂದ ಡಾಕ್ಟರು ಹೇಳಿದರು. ಸಮಾಧಾನದ ಮಾತು. ಆದರೆ ಅವನ ಕಾಲು ಸ್ವಲ್ಪ ನಡುಗಿದ್ದರೂ ತನ್ನ ಪಾದಕ್ಕೆ ತಿಳಿಯದೆ ಇರುತ್ತಿತ್ತೇ?

ಆಮೇಲಿನ ದಿನಗಳಲ್ಲಿ ಅವಳು ಡಾಕ್ಟರು ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದಳು. ಸ್ವಲ್ಪ ಸ್ವಲ್ಪವೇ, ಹಲವು ಸಲ, ಚೆನ್ನಾಗಿ ಅಗಿದು ತಿಂದಳು. ತುತ್ತುಗಳು ಈಗ ಎಲ್ಲೂ ನಿಲ್ಲದೆ ಇಳಿಯುತ್ತಿದ್ದವು. ಒಂದೊಂದು ಇಳಿದಾಗಲೂ ಅವಳು ಒಂದು ಕ್ಷಣ ತಡೆದು ಮೇಜಿನ ಆಚೆ ನೋಡುವಳು. ಮೇಜು ಸುಮ್ಮನಿರುತ್ತಿತ್ತು. ದೇವರ ಮುಂದೆ ಕೂತಾಗ ಅವಳು ಯಾಕೆ ಹೀಗೆ ಮಾಡಿದೆ ಎಂದು ಕೇಳಲಿಲ್ಲ. "ಒಂದೇ ಒಂದು ದಿನ ಕೇಳಿದ್ರು, ನಾನು ಕೊಡ್ಲಿಲ್ಲ. ಅಲ್ಲಿ ಸಿಕ್ಕಿದ್ರೆ ನೀನಾದ್ರೂ ಹೇಳು" ಎಂದಷ್ಟೇ ಹೇಳುತ್ತಿದ್ದಳು.

ಪಕ್ಕೆ ಕೂಡಿತು. ಅಂಗಡಿ ತೆರೆದಳು. ಹಾಸಿಗೆ ಹೊಲಿಯಲು ಒಪ್ಪಿಕೊಳ್ಳಲಿಲ್ಲ, ದಿಂಬುಗಳನ್ನು ಮಾತ್ರ ರಿಪೇರಿ ಮಾಡಿದಳು. ದಿಂಬನ್ನು ಗೋಡೆಗೆ ಒರಗಿಸಿ ಕೆನ್ನೆಯಿಟ್ಟು ನೋಡಿದರೆ ಸಾಕು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಮ್ಮೆ ಖಾಲಿ ನೆಲವನ್ನು ನೋಡಿ, ಆಮೇಲೆ ಪೊರಕೆ ಹಿಡಿಯುವಳು. ಟೈಲರ್ ಏನೂ ಕೆಣಕುತ್ತಿರಲಿಲ್ಲ.

ಒಂದು ದಿನ ಅವನು ದಾರ ಕೇಳಲು ಬಂದವನು ಅವಳು ಮನೆಯಿಂದ ತಂದು ಮೂಲೆಯಲ್ಲಿ ಮಡಿಸಿಟ್ಟಿದ್ದ ಗವಸನ್ನು ಕಂಡ. ಎತ್ತಿ ಬಿಡಿಸಿ ಹಿಡಿದ. ಅವನು ಎರಡೂ ತೋಳು ಚಾಚಿದರೂ ಅಗಲ ಮುಗಿಯಲಿಲ್ಲ.

"ಅಕ್ಕಾ, ಇನ್ನೂ ಆ ಕುರ್ಚೀಲೇ ಮಲಗ್ತೀರಂತೆ? ಸೊಂಟ ಏನಾಗ್ಬೇಕು? ಇದನ್ನ ಅರ್ಧಕ್ಕೆ ಕತ್ತರಿಸಿ, ಒಬ್ಬರ ಅಗಲಕ್ಕೆ ಹೊಲಿದು ಕೊಡ್ತೀನಿ. ಮಷೀನ್ ಮುಟ್ಟಲ್ಲ, ಕೈಯಲ್ಲೇ ಹೊಲೀತೀನಿ. ನೀವು ಎಷ್ಟು ಸಲ ಬಿಚ್ಚಿಸಿದ್ರೂ ಬೇಜಾರಿಲ್ಲ."

ಹಾಸಿಗೆಯಕ್ಕ ಎದ್ದು ಬಂದು ಗವಸಿನ ಅಂಚು ಹಿಡಿದಳು. ಬಿಚ್ಚದೆ ಉಳಿದಿದ್ದ ಆ ಒಂದು ಬದಿಯಲ್ಲಿ ದಾರ ಎಡಕ್ಕೂ ಬಲಕ್ಕೂ ವಾಲಾಡುತ್ತ ಹೋಗಿತ್ತು. ಒಂದು ಕಡೆ ಬೆರಳು ಚುಚ್ಚಿಕೊಂಡ ಕಂದು ಕಲೆ. ಅದರ ಉದ್ದಕ್ಕೂ ಅವಳು ಬೆರಳಾಡಿಸಿದಳು, ತುದಿಯವರೆಗೆ.

"ಬೇಡಪ್ಪಾ" ಎಂದಳು. "ಕತ್ತರಿ ಹಾಕೋದು ಬೇಡ. ಮಡಿಸಿ ಅಲ್ಲೇ ಇಡು."